ಜೀವ ಉಳೀತಲ್ಲ, ಇನ್ನೇನ್ ಬೇಕು?

ತಿಂಗಳಿಗೆ ಎರಡು ಸಲ ಅಪ್ಪ ಇಳಕಲ್ಲಿನ ಪೇಟೆಯ ಕಟಿಂಗ್ ಅಂಗಡಿಗೆ ಹೋಗುತ್ತಾನೆ. ಗಡ್ಡವನ್ನು ಮನೆಯಲ್ಲೇ ತೆಗೆದುಕೊಳ್ಳುತ್ತಾನೆ, ಅದಕ್ಕೆ ಅಂಗಡಿ ಬೇಕಿಲ್ಲ. ಅವನು ಹೋಗುವುದು ಕುತ್ತಿಗೆಯ ಎಡಬದಿಗಾಗಿ. ದವಡೆಯ ಕೆಳಗಿನಿಂದ ಕೊರಳೆಲುಬಿನ ತನಕ ಅಂಗೈ ಅಗಲದ ಒಂದು ಜಾಗದಲ್ಲಿ ಎದೆಯ ಕೂದಲು ಬೆಳೆಯುತ್ತದೆ. ಗುಂಗುರು, ಅರ್ಧ ಬೆಳ್ಳಗಾದ, ಎದೆಯ ಮೇಲೆ ಇರಬೇಕಾದ ಕೂದಲು. ಆ ಜಾಗಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಬ್ಲೇಡು ತಾಗಿ ರಕ್ತ ಬಂದರೂ ಅಪ್ಪನಿಗೆ ತಿಳಿಯುವುದಿಲ್ಲ. ಹಾಗಾಗಿ ಬೇರೆಯವರ ಕಣ್ಣು, ಬೇರೆಯವರ ಕೈ ಬೇಕು. ಅಂಗಡಿಯವನು ಮೊದಲು ಎಡಗೈಯ ಬೆರಳಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯುತ್ತಾನೆ, ಉಬ್ಬು ಎಲ್ಲಿ ಮುಗಿಯಿತು ಎಂದು ಬೆರಳಿನಿಂದಲೇ ನೋಡಿಕೊಳ್ಳುತ್ತಾನೆ, ಆಮೇಲೆ ಬ್ಲೇಡು ಇಡುತ್ತಾನೆ. ಕೆಲಸ ಮುಗಿದ ಮೇಲೆ ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೊರಳಿಗೆ ಎರಡು ಸುತ್ತು ಸುತ್ತಿಕೊಂಡು ಎದ್ದು ಬರುತ್ತಾನೆ.

ಆ ಚರ್ಮ ಕುತ್ತಿಗೆಯದಲ್ಲ, ಎದೆಯದು. ಎದೆಯಿಂದ ಕೊರಳಿಗೆ ಅದು ಹೇಗೆ ಬಂತು ಎಂಬುದನ್ನು ಬರೆಯಬೇಕೆಂದು ಈ ಪಂಚಮಿಗೆ ಮೂರು ವರ್ಷವಾಯಿತು. ಬರೆಯಲು ಕೂತಾಗಲೆಲ್ಲ ಆ ಗಾಯ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಈಗ ಬರೆಯುತ್ತಿದ್ದೇನೆ.

ನಾನು ವಿಜಯಪುರದಲ್ಲಿ ಹೈಸ್ಕೂಲ್ ಟೀಚರು. ನಾಗರ ಪಂಚಮಿಗೆ ಪ್ರತಿ ವರ್ಷ ತವರಿಗೆ ಹೋಗುತ್ತೇನೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಜೋಕಾಲಿಯ ಹಬ್ಬ, ಉಂಡಿಯ ಹಬ್ಬ. ಆ ವರ್ಷ ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ ಎಲ್ಲ ಕಟ್ಟಿದ್ದಳು. ಅಪ್ಪನಿಗೆ ಶುಗರ್ ಇದ್ದರೂ ಹಬ್ಬದ ದಿನ ಒಂದಾದರೂ ಉಂಡಿ ತಿನ್ನದೆ ಬಿಟ್ಟವನಲ್ಲ. ಅವತ್ತು ಉಂಡಿಯನ್ನು ಹಾಲಿಗೆ ಹಾಕಿ ಕರಗಿಸುತ್ತಾ ಕೂತಿದ್ದ. ‘ಯಾಕಪಾ, ಕಡೀಲಿಕ್ಕೆ ಆಗವಲ್ತೇನು?’ ಎಂದೆ. ‘ದವಡೀ ಹಲ್ಲು ಹಿಡದೈತಿ ಯವ್ವಾ, ಹೊಕ್ಕೈತಿ ಬಿಡು’ ಎಂದ. ಎಡಗಡೆಯ ಗದ್ದ ಸ್ವಲ್ಪ ಉಬ್ಬಿತ್ತು. ಮೆಡಿಕಲ್ ಅಂಗಡಿಯಿಂದ ತಂದ ಗುಳಿಗೆ ಮೂರು ದಿನದಿಂದ ನುಂಗುತ್ತಿದ್ದನಂತೆ. ನೋವು ಹತ್ತಿಕ್ಕಿಕೊಂಡು ಮಗ್ಗಕ್ಕೆ ಇಳಿಯುತ್ತಿದ್ದನಂತೆ. ಹಬ್ಬದ ಸೀಸನ್ನು, ಸಾಹುಕಾರರಿಗೆ ಸೀರೆ ಕೊಡಬೇಕಿತ್ತು.

ಮರುದಿನ ಬಾವು ದವಡೆಯ ಕೆಳಗೆ ಇಳಿಯಿತು. ಮಂಗನಬಾವು ಇರಬೇಕು ಎಂದು ಓಣಿಯ ಹಿರಿಯರೊಬ್ಬರು ಅರಿಶಿನ ಸುಣ್ಣ ಹಚ್ಚಿಸಿದರು. ಸಂಜೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಎರಡು ದಿನ ಬಿಟ್ಟು ಬರ್ರಿ ಅಂದರು. ಟಾರ್ಚು ಹಿಡಿದು ಅಪ್ಪನ ಬಾಯೊಳಗೆ ನೋಡಲಿಲ್ಲ. ಶುಗರ್ ಎಷ್ಟಿದೆ ಎಂದು ಕೇಳಲಿಲ್ಲ. ನಾನೂ ಕೇಳಿ ಅನ್ನಲಿಲ್ಲ. ಈ ಮಾತನ್ನು ನುಂಗಿಕೊಳ್ಳಲು ನನಗೆ ಇನ್ನೂ ಆಗಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಕೆಳದವಡೆಯ ಕೊನೆಯ ಎರಡು ಹಲ್ಲುಗಳ ಬೇರು ಬಹಳ ಕೆಳಗೆ ಇಳಿದಿರುತ್ತದೆ. ಬಾಯಿಯ ತಳಕ್ಕೆ ಚಾಪೆಯಂತೆ ಹಾಸಿಕೊಂಡ ಒಂದು ಸ್ನಾಯು ಇದೆ. ಆ ಹಲ್ಲುಗಳ ಬೇರಿನ ತುದಿ ಆ ಚಾಪೆಗಿಂತಲೂ ಕೆಳಗೆ. ಅಲ್ಲಿ ಕೀವಾದರೆ ಅದು ಬಾಯೊಳಗೆ ಒಡೆಯದೆ ನೇರ ಕುತ್ತಿಗೆಗೆ ಇಳಿಯಬಹುದು. ಕುತ್ತಿಗೆಯೊಳಗೆ ಸ್ನಾಯುಗಳ ನಡುವೆ ತೆಳ್ಳನೆಯ ಪೊರೆಗಳಿವೆ, ಪದರ ಪದರವಾಗಿ. ಸೋಂಕಿಗೆ ಆ ಪದರಗಳ ನಡುವಿನ ಸಂದೇ ಹಾದಿ. ಆ ಹಾದಿ ಎದೆಯ ಗೂಡಿನ ತನಕವೂ ಹೋಗುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಬಾಯಿಯ ತಳ ಮತ್ತು ಕುತ್ತಿಗೆ ಕಲ್ಲಿನಂತೆ ಬಾತು ಉಸಿರು ಕಟ್ಟುವ ರೋಗದ ಬಗ್ಗೆ ಬರೆದಿದ್ದರು. ಇವತ್ತಿಗೂ ಆ ಬಾವಿಗೆ ಅವರದೇ ಹೆಸರು. ಅದು ಇನ್ನೂ ಮುಂದೆ ಹೋಗಿ ಪೊರೆ, ಕೊಬ್ಬು, ಚರ್ಮ ಸಾಯತೊಡಗಿದರೆ ಅದಕ್ಕೆ ನೆಕ್ರೋಟೈಸಿಂಗ್ ಫೇಸಿಯೈಟಿಸ್ ಎನ್ನುತ್ತಾರೆ. ಈ ಹೆಸರು ಬಂದದ್ದು 1952ರಲ್ಲಿ. ಪೇಪರಿನವರು ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಎಂದು ಬರೆಯುತ್ತಾರೆ. ಅವು ತಿನ್ನುವುದಿಲ್ಲ. ಅವುಗಳ ವಿಷಕ್ಕೆ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚುತ್ತವೆ, ರಕ್ತ ಸಿಗದ ಮಾಂಸ ಸಾಯುತ್ತದೆ. ರಕ್ತವೇ ಹೋಗದ ಜಾಗಕ್ಕೆ ಔಷಧಿ ಹೇಗೆ ಹೋಗಬೇಕು? ಅದಕ್ಕೇ ಎಷ್ಟು ದೊಡ್ಡ ಇಂಜೆಕ್ಷನ್ ಕೊಟ್ಟರೂ ಅದೊಂದರಿಂದಲೇ ಆಗುವುದಿಲ್ಲ, ಸತ್ತದ್ದನ್ನು ಕತ್ತರಿಸಿ ತೆಗೆಯಲೇಬೇಕು. ಶುಗರ್ ಇದ್ದವರಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮೊದಲೇ ಸೋತಿರುತ್ತವೆ.

ಆ ರಾತ್ರಿ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಪ್ಪನ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯುತ್ತಿಲ್ಲ, ಜೊಲ್ಲು ನುಂಗಲು ಆಗುತ್ತಿಲ್ಲ, ದನಿ ಬೇರೆಯವರದಂತೆ ಕೇಳುತ್ತಿದೆ ಎಂಬುದು. ಕೆಂಪಿದ್ದ ಚರ್ಮ ಬೆಳಗಿನ ಜಾವಕ್ಕೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವ್ವ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ‘ಒಳಗ ಹಪ್ಪಳಾ ಮುರದಂಗ ಆಕ್ಕೈತೆಲ್ಲ ತಂಗಿ’ ಎಂದಳು. ಚರ್ಮದಡಿ ಗಾಳಿ ಸೇರಿತ್ತು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವ ತನಕ ಅಪ್ಪ ಕಾರಿನಲ್ಲಿ ಮಲಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲಲ್ಲೇ ನೋಡಿ ಓಡಿದರು. ಶುಗರ್ ನಾನೂರು ದಾಟಿತ್ತು. ಬಾಯಿ ತೆರೆಯದ ಮೇಲೆ ಬಾಯಿಂದ ಕೊಳವೆ ಹಾಕಿ ಅರಿವಳಿಕೆ ಕೊಡುವ ಹಾಗಿಲ್ಲ. ಎಚ್ಚರ ಇದ್ದಾಗಲೇ, ಬರಿ ಚರ್ಮಕ್ಕೆ ಮರಗಟ್ಟಿಸುವ ಸೂಜಿ ಹಾಕಿ, ಗಂಟಲಿನ ಮುಂದೆ ರಂಧ್ರ ಮಾಡಿ ಉಸಿರಿಗೆ ನಳಿಗೆ ಕೂರಿಸಿದರು. ಆಪರೇಷನ್ ಥಿಯೇಟರಿಗೆ ಒಯ್ಯುವ ಮೊದಲು ಸಿಸ್ಟರ್ ಶಿವದಾರ ತೆಗೆಯಬೇಕು ಎಂದರು. ಅಪ್ಪನ ಕೊರಳಿಂದ ಲಿಂಗ ಇಳಿದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮುಂದಿನ ಐದು ತಾಸು ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ವಾರ್ಡಿನಲ್ಲಿ ಅಪ್ಪನ ಬಲ ರಟ್ಟೆಗೆ ಕಟ್ಟಿದಳು. ಕೊರಳಿಗೆ ಏನನ್ನೂ ಬಿಗಿಯಬಾರದೆಂದು ತಿಂಗಳುಗಟ್ಟಲೆ ಅದು ರಟ್ಟೆಯಲ್ಲೇ ಇತ್ತು.

ಮೂರು ಸಲ ಥಿಯೇಟರಿಗೆ ಒಯ್ದರು. ಮೊದಲ ದಿನ ಹಲ್ಲು ಕಿತ್ತು, ಕಪ್ಪಾದ ಚರ್ಮ ತೆಗೆದರು. ಮರುದಿನ ಮತ್ತೆ ನೋಡಿ, ಅಂಚಿನಲ್ಲಿ ಸತ್ತಿದ್ದನ್ನು ತೆಗೆದರು. ಎರಡು ದಿನ ಬಿಟ್ಟು ಮತ್ತೆ. ಈ ರೋಗದಲ್ಲಿ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಸಿ ರಕ್ತ ಜಿನುಗುವ ಜೀವಂತ ಮಾಂಸ ಸಿಗುವ ತನಕ ಹಿಂಬಾಲಿಸಿಕೊಂಡು ಹೋಗಬೇಕು. ಸಿ.ಟಿ. ಸ್ಕ್ಯಾನಿನಲ್ಲಿ ಎದೆಯೊಳಗೆ ಕೀವು ಇಳಿದಿಲ್ಲ ಎಂದು ಗೊತ್ತಾದಾಗ ಡಾಕ್ಟರು ಮೊದಲ ಸಲ ಕುರ್ಚಿಯ ಮೇಲೆ ಕೂತು ನಮ್ಮ ಜೊತೆ ಮಾತಾಡಿದರು. ಅಲ್ಲಿಯ ತನಕ ನಿಂತೇ ಮಾತಾಡುತ್ತಿದ್ದರು.

ಹತ್ತನೆಯ ದಿನ ನಾನು ಹಟ ಮಾಡಿ ಡ್ರೆಸ್ಸಿಂಗಿನ ಹೊತ್ತಿಗೆ ಒಳಗೆ ನಿಂತೆ. ಕಿವಿಯ ಕೆಳಗಿನಿಂದ ಕೊರಳೆಲುಬಿನ ತನಕ ಚರ್ಮವೇ ಇರಲಿಲ್ಲ. ಹೈಸ್ಕೂಲಿನ ಗೋಡೆಗೆ ತೂಗುಹಾಕಿದ ಚಿತ್ರಪಟದಲ್ಲಿ ಮಕ್ಕಳಿಗೆ ಕೋಲು ಹಿಡಿದು ತೋರಿಸುವುದೆಲ್ಲ ಅಲ್ಲಿ ತೆರೆದುಕೊಂಡಿತ್ತು. ಸ್ನಾಯುಗಳು ಹಗ್ಗದ ಹುರಿಯಂತೆ. ಅವುಗಳ ನಡುವೆ ಒಂದು ಜಾಗದಲ್ಲಿ, ಹೆಬ್ಬೆರಳು ಇಡುವಷ್ಟು ಅಗಲದಲ್ಲಿ, ಏನೋ ಒಂದು ತಾಳಕ್ಕೆ ತಕ್ಕಂತೆ ಏರಿ ಇಳಿಯುತ್ತಿತ್ತು. ಅದು ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ, ಕೆರೋಟಿಡ್. ಅಪ್ಪನ ಜೀವ ಹೊಡೆದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಹಾಸಿಗೆಯ ಚಾದರದ ಅಂಚನ್ನು ತಿಕ್ಕುತ್ತಾ ಇದ್ದವು. ಡ್ರೆಸ್ಸಿಂಗ್ ಮುಗಿದ ಮೇಲೆ ಆ ಅಂಚನ್ನು ನನಗೆ ತೋರಿಸಿ, ತಲೆ ಅಲ್ಲಾಡಿಸದೆ ಕೈಯಿಂದಲೇ ಸನ್ನೆ ಮಾಡಿದ. ಎಳೆ ಸಡಿಲ, ಪವರ್‌ಲೂಮಿನದು ಎಂದು. ನಳಿಗೆ ಇದ್ದುದರಿಂದ ಮಾತಿರಲಿಲ್ಲ. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವನ ಬೆರಳು ಐಸಿಯುನಲ್ಲೂ ಬಟ್ಟೆ ಓದುತ್ತಿದ್ದವು. ಅವನು ಬದುಕುತ್ತಾನೆ ಎಂದು ನನಗೆ ಅನ್ನಿಸಿದ್ದು ಆ ಹೊತ್ತಿಗೆ.

ಇಲ್ಲಿಂದ ಮುಂದಿನ ಕಥೆಯೇ ನಾನು ಹೇಳಬೇಕೆಂದಿದ್ದು.

ಜ್ವರ ಇಳಿಯಿತು, ಶುಗರ್ ಹಿಡಿತಕ್ಕೆ ಬಂತು, ಕೀವು ನಿಂತಿತು. ಗಾಯದ ಮೇಲೆ ಸ್ಪಂಜು ಇಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮಷಿನ್ನಿನಿಂದ ಗಾಳಿ ಎಳೆಯುವ ಡ್ರೆಸ್ಸಿಂಗ್ ಕಟ್ಟಿದರು. ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಮಾಂಸ ತುಂಬುತ್ತಾ ಬಂತು. ಆಗ ಡಾಕ್ಟರು, ಇನ್ನು ಇದನ್ನು ಮುಚ್ಚಬೇಕು, ಬೆಳಗಾವಿಗೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ ಎಂದರು. ಆ ಮಾತು ಕೇಳಿದ ಕೂಡಲೇ ನಮ್ಮ ಮಂದಿಯೆಲ್ಲ ಒಂದೇ ದನಿಯಲ್ಲಿ ಬೇಡ ಅಂದರು. ದೊಡ್ಡಪ್ಪ ಅಂದ: ‘ಜೀವ ಉಳೀತಲ್ಲ, ಇನ್ನೇನ್ ಬೇಕು? ಈ ವಯಸ್ಸಿನಾಗ ಅವಂಗ ಪ್ಲಾಸ್ಟಿಕ್ ಸರ್ಜರಿ ಮಾಡ್ಸಿ ಏನ್ ವರಾ ನೋಡಾಕ ಹೊಂಟೀರೇನು?’ ಕಾಕಾ ಅಂದ: ‘ಗಾಯ ತಾನ ಮಾಯ್ತೈತಿ. ದನಕ್ಕ ಮಾಯಂಗಿಲ್ಲೇನು?’ ಸಿಟ್ಟಿನಿಂದ ಆಡಿದ ಮಾತುಗಳಲ್ಲ ಇವು. ದಣಿದು, ಹೆದರಿ, ಸಾಲದ ಲೆಕ್ಕ ಹಾಕಿ ಆಡಿದ ಮಾತುಗಳು. ಅಪ್ಪನೂ ಕೈ ಜೋಡಿಸಿ ಊರಿಗೆ ಹೋಗೋಣ ಎಂದು ಸನ್ನೆ ಮಾಡಿದ.

ನನಗೂ ಆ ಹೆಸರೇ ಅಡ್ಡ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಮೂಗು, ತುಟಿ ಎಂದೇ ತಲೆಯಲ್ಲಿ ಕೂತಿತ್ತು. ಆ ಪದಕ್ಕೂ ಬಕೆಟ್ಟಿನ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ. ಗ್ರೀಕಿನಲ್ಲಿ ಅದಕ್ಕೆ ರೂಪ ಕೊಡುವುದು, ಮಣ್ಣು ತಟ್ಟಿ ಆಕಾರಕ್ಕೆ ತರುವುದು ಎಂದು ಅರ್ಥ. ಪ್ಲಾಸ್ಟಿಕ್ ಎಂಬ ವಸ್ತು ಹುಟ್ಟುವ ಮೊದಲೇ, 1818ರಲ್ಲಿ, ಮೂಗು ಕಟ್ಟುವ ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ಜರ್ಮನ್ ವೈದ್ಯ ಗ್ರೇಫ಼ೆ ಈ ಪದ ಬಳಸಿದ್ದರು. ಹಣೆಯ ಚರ್ಮದಿಂದ ಮೂಗು ಕಟ್ಟುವ ವಿದ್ಯೆಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ್ದು ನಮ್ಮ ಪಕ್ಕದ ಪುಣೆಯಿಂದ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಿ ಮನುಷ್ಯ 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡಿದ್ದ. ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಪುಣೆಯ ಬಳಿ ಅವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ. ಮೊದಲು ಮೇಣದ ತಗಡಿನಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆ ಮಾಡಿ ಗೆರೆ ಎಳೆದು, ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿದ್ದ. ಹುಬ್ಬುಗಳ ನಡುವಿನ ಒಂದು ಎಳೆ ಮಾತ್ರ ಕತ್ತರಿಸಿರಲಿಲ್ಲ. ಈ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯ ಇಪ್ಪತ್ತು ವರ್ಷದ ಮೇಲೆ, 1814ರಲ್ಲಿ, ಅಲ್ಲಿ ಅದನ್ನು ಮಾಡಿ ತೋರಿಸಿದ. ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಇದೆ. ಮಣ್ಣಿನ ಕೆಲಸದವನ ಕೈಗೆ ಈ ವಿದ್ಯೆ ಒಲಿದಿತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕಸುಬಿನವರ ಮನೆಯಲ್ಲಿ ಹುಟ್ಟಿದವಳಲ್ಲವೇ.

ನಮ್ಮನ್ನು ಬೆಳಗಾವಿಗೆ ಹೊರಡಿಸಿದ್ದು ಮಾತ್ರ ಈ ಇತಿಹಾಸವಲ್ಲ, ಡಾಕ್ಟರು ಹೇಳಿದ ಎರಡು ಮಾತು. ಒಂದು, ದೊಡ್ಡ ನಾಳ ಬಯಲಿಗೆ ಬಿದ್ದಿದೆ, ಅದು ಒಣಗಿ ಅಥವಾ ಸೋಂಕು ತಗುಲಿ ಒಡೆದರೆ ಕೆಲವು ನಿಮಿಷವೂ ಸಿಗುವುದಿಲ್ಲ. ಎರಡು, ಇಷ್ಟು ದೊಡ್ಡ ಗಾಯ ತಾನಾಗಿ ಮಾಯಲು ಬಿಟ್ಟರೆ ಅದು ಸುತ್ತಲಿನ ಚರ್ಮವನ್ನು ಎಳೆದುಕೊಂಡೇ ಮಾಯುತ್ತದೆ. ಗದ್ದ ಎದೆಯ ಕಡೆಗೆ ಬಾಗುತ್ತದೆ, ಕೆಳತುಟಿ ಜೋತು ಬೀಳುತ್ತದೆ, ತಲೆ ಎತ್ತಲು ಆಗುವುದಿಲ್ಲ. ಇದನ್ನು ನಾನು ಅವ್ವನಿಗೆ ಹೇಳಿದೆ. ಅವ್ವ ದೊಡ್ಡಪ್ಪನ ಮುಂದೆ ಎಂದೂ ತಲೆ ಮೇಲಿನ ಸೆರಗು ಸರಿಸಿದವಳಲ್ಲ, ದನಿ ಏರಿಸಿದವಳಲ್ಲ. ಅವತ್ತು ಅಂದಳು: ‘ಬದುಕಿರೂತನಾ ನೆಲಾ ನೋಡ್ಕೋಂತ ಇರಬೇಕೇನ್ರಿ ಮಾವಾರ ಅವರು? ಹೊಲಾ ಹೋದ್ರ ಹೋಗ್ಲಿ.’ ಹೊಲ ಹೋಗಲಿಲ್ಲ. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದ ತನಕ ಸಿಗುತ್ತದೆ. ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿಗಾಗಿ ಒಂದು ದಿನ ಓಡಾಡಿದೆ, ಅಷ್ಟೇ.

ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿ ಮುಟ್ಟಿದಾಗ ಮಳೆ ಹಿಡಿದಿತ್ತು. ನಮ್ಮ ಬಯಲುಸೀಮೆಯ ಮಂದಿಗೆ ಆ ಜಿಟಿಜಿಟಿ ಮಳೆ ಮೈಯೆಲ್ಲ ಹಸಿ ಮಾಡುತ್ತದೆ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಖಾನಾಪುರ ಕಡೆಯ ಒಬ್ಬ ಮರಾಠಿ ಅಜ್ಜಿ ಸುಟ್ಟಗಾಯದ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದಳು. ಅವ್ವನಿಗೆ ಮರಾಠಿ ಬಾರದು, ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಇಪ್ಪತ್ತು ದಿನ ಇಬ್ಬರೂ ಒಂದೇ ಸ್ಟೋವಿನ ಚಹಾ ಕುಡಿದರು.

ಸರ್ಜನ್ ನನಗಿಂತ ಚಿಕ್ಕವರು. ಅಪ್ಪನನ್ನು ಕಾಕಾ ಎಂದು ಕರೆದರು. ಹಾಸಿಗೆಯ ಮೇಲೆ ಕೂತು, ಪೆನ್ನಿನಿಂದ ಅಪ್ಪನ ಎದೆಯ ಮೇಲೆಯೇ ಗೆರೆ ಎಳೆದು ವಿವರಿಸಿದರು. ‘ಕಾಕಾ, ನಿಮಗ ಎರಡು ಕೆಲಸ ಮಾಡೂದೈತಿ. ತೊಡಿ ಮ್ಯಾಲಿಂದ ತೆಳ್ಳಗ ಚರ್ಮ ತಗದು ಹಚ್ಚೂದು ಒಂದು. ಅದಕ್ಕ ಗ್ರಾಫ್ಟ್ ಅಂತೀವಿ. ಅದು ಭತ್ತದ ಸಸಿ ಕಿತ್ತು ನಟ್ಟಂಗ, ಕೆಳಗ ಹಸಿ ನೆಲಾ ಇದ್ರನ ಹಿಡೀತೈತಿ. ದೊಡ್ಡ ನಾಳದ ಮ್ಯಾಲ ಅದು ಹಿಡಿಯಂಗಿಲ್ಲ, ಹಿಡದ್ರೂ ಕಾಯಂಗಿಲ್ಲ. ಅಲ್ಲಿಗೆ ಎದಿ ಸ್ನಾಯು, ಅದರ ಮ್ಯಾಲಿನ ಚರ್ಮ ಎರಡೂ ಕೂಡೇ ಎತ್ತಿ, ತಿರುಗಿಸಿ ತರ್ತೀವಿ. ಪೂರಾ ಕತ್ತರಸೂದಿಲ್ಲ. ಇಲ್ಲಿ, ಕೊರಳೆಲುಬಿನ ಕೆಳಗ, ಅದರ ರಕ್ತನಾಳ ಹಂಗ ಇರ್ತೈತಿ. ತನ್ನ ರಕ್ತಾ ತಾನ ತಗೊಂಡು ಬರ್ತೈತಿ.’

ಅಪ್ಪ ಸ್ವಲ್ಪ ಹೊತ್ತು ಆ ಗೆರೆಗಳನ್ನೇ ನೋಡಿದ. ಆಮೇಲೆ ಎರಡೂ ತೋರುಬೆರಳು ಬಾಗಿಸಿ ಒಂದಕ್ಕೊಂದು ಸಿಕ್ಕಿಸಿ ತೋರಿಸಿದ. ಸರ್ಜನ್ ನನ್ನ ಮುಖ ನೋಡಿದರು. ‘ಕೊಂಡಿ ಅಂತಾರ್ರೀ ಸರ’ ಎಂದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆ ಉಟ್ಟವರಿಗೆ ಆ ಕೂಡಿದ ಜಾಗ ಗೊತ್ತೂ ಆಗುವುದಿಲ್ಲ. ಕೊಂಡಿ ಸರಿ ಇಲ್ಲದಿದ್ದರೆ ಸೆರಗು ಎಷ್ಟು ಚೆಂದ ಇದ್ದೂ ಸೀರೆ ಬಾಳುವುದಿಲ್ಲ. ಇದನ್ನೆಲ್ಲ ಹೇಳಿದಾಗ ಸರ್ಜನ್ ತಮ್ಮ ಬೆರಳುಗಳನ್ನೂ ಹಾಗೆ ಸಿಕ್ಕಿಸಿ ನೋಡಿಕೊಂಡರು. ಮರುದಿನ ಬೆಳಗ್ಗೆ ಸಹಿ ಹಾಕುವಾಗ ಅಪ್ಪ ಒಂದು ಮಾತೂ ಕೇಳಲಿಲ್ಲ.

ಹೀಗೆ ರಕ್ತನಾಳದ ಸಮೇತ ತಿರುಗಿಸಿ ತರುವ ಭಾಗಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಎದೆಯ ಸ್ನಾಯುವಿನ ಈ ಫ್ಲ್ಯಾಪ್ 1979ರಲ್ಲಿ ಅಮೆರಿಕದ ಏರಿಯನ್ ಎಂಬ ಸರ್ಜನ್ ಪ್ರಕಟಿಸಿದ್ದು. ಈಗ ತೊಡೆಯಿಂದ ಪೂರ್ತಿ ಬಿಡಿಸಿ ತಂದು, ಮೈಕ್ರೋಸ್ಕೋಪಿನಡಿ ರಕ್ತನಾಳ ಜೋಡಿಸುವ ವಿಧಾನಗಳೂ ಇವೆ. ಆದರೆ ಶುಗರ್ ಇರುವ, ಸೋಂಕಿನಿಂದ ಈಗಷ್ಟೇ ಎದ್ದ, ಕುತ್ತಿಗೆಯ ನಾಳಗಳೇ ನಂಬಿಕೆಗೆ ಅರ್ಹವಿಲ್ಲದ ಮನುಷ್ಯನಿಗೆ ಇದೇ ಭದ್ರ ಎಂದು ಅವರು ನಿರ್ಧರಿಸಿದರು.

ಆಪರೇಷನ್ ಆರು ತಾಸು. ಅದಕ್ಕಿಂತ ಉದ್ದವಾದದ್ದು ಆಮೇಲಿನ ಮೊದಲ ರಾತ್ರಿ. ಫ್ಲ್ಯಾಪನ್ನು ತಾಸಿಗೊಮ್ಮೆ ನೋಡಬೇಕಿತ್ತು. ಸಿಸ್ಟರ್ ನನಗೂ ಕಲಿಸಿದರು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಬೇಕು, ಒತ್ತಿದ ಜಾಗ ಬೆಳ್ಳಗಾಗಿ ಸುಮಾರು ಎರಡು ಎಣಿಸುವಷ್ಟರಲ್ಲಿ ಮತ್ತೆ ಬಣ್ಣ ತುಂಬಬೇಕು. ಬೆಳ್ಳಗೇ ಉಳಿದರೆ ರಕ್ತ ಬರುತ್ತಿಲ್ಲ ಎಂದರ್ಥ. ಕ್ಷಣದಲ್ಲೇ ತುಂಬಿ ನೀಲಿಯಾದರೆ ಬಂದ ರಕ್ತ ಹಿಂದಕ್ಕೆ ಹೋಗುತ್ತಿಲ್ಲ ಎಂದರ್ಥ. ಕುತ್ತಿಗೆಗೆ ಒಂದು ದಾರವೂ ಬಿಗಿಯಬಾರದು. ಉಸಿರಿನ ನಳಿಗೆಯನ್ನೂ ಪಟ್ಟಿಯಿಂದ ಕಟ್ಟದೆ ಚರ್ಮಕ್ಕೇ ಹೊಲಿದಿದ್ದರು. ಮೂರು ಗಂಟೆಯ ಸುಮಾರಿಗೆ ನಾನು ಒತ್ತಿದಾಗ ಅಂಚಿನಲ್ಲಿ ಬಣ್ಣ ಬದನೆಕಾಯಿಯಂತೆ ಕಂಡಿತು. ಪಂಚಮಿಯ ಮರುದಿನದ ಆ ನೇರಳೆ ಬಣ್ಣ ನೆನಪಾಗಿ ಕಾಲು ನಡುಗಿದವು. ಓಡಿ ಹೋಗಿ ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ. ಅವರು ಬಂದು ಸೂಜಿ ಚುಚ್ಚಿ ರಕ್ತದ ಬಣ್ಣ ನೋಡಿದರು, ಅಂಚಿನ ಎರಡು ಹೊಲಿಗೆ ಬಿಚ್ಚಿದರು, ಅಪ್ಪನ ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ದಿಂಬು ಒತ್ತರಿಸಿದರು. ತಲೆ ಬಲಕ್ಕೆ ತಿರುಗಿ ಫ್ಲ್ಯಾಪಿನ ಬುಡ ಎಳೆದುಕೊಂಡಿತ್ತಂತೆ. ಅರ್ಧ ತಾಸಿನಲ್ಲಿ ಬಣ್ಣ ತಿಳಿಯಾಯಿತು. ಬೆಳಕು ಹರಿಯುವ ತನಕ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಒತ್ತುವುದು, ಒಂದು, ಎರಡು ಎಣಿಸುವುದು. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಕುಣಿಯ ಅಂಚಿನಲ್ಲಿ ಕೂರಿಸಿ ಎಳೆ ಎಣಿಸಲು ಕಲಿಸಿದ್ದ.

ತೊಡೆಯ ಬಗ್ಗೆ ಯಾರೂ ನಮಗೆ ಮುಂಚೆ ಸರಿಯಾಗಿ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗ್ರಾಫ್ಟಿಗಾಗಿ ತೆಗೆಯುವ ಚರ್ಮ ಒಂದು ಮಿಲಿಮೀಟರಿನ ಅರ್ಧವೂ ಇರುವುದಿಲ್ಲ. ಆದರೂ ಕುತ್ತಿಗೆಗಿಂತ ಆ ತೊಡೆಯೇ ಹೆಚ್ಚು ಉರಿಯುತ್ತದೆ. ಸುಲಿದ ಮೇಲ್ಪದರದಲ್ಲಿ ನರದ ತುದಿಗಳೆಲ್ಲ ಬಯಲಿಗೆ ಬಂದಿರುತ್ತವೆ. ಅಲ್ಲಿಯ ಡ್ರೆಸ್ಸಿಂಗ್ ಅಂಟಿಕೊಂಡಿದ್ದರೆ ಕೀಳಬಾರದು, ಎರಡು ವಾರದ ಸುಮಾರಿಗೆ ಹೊಸ ಚರ್ಮ ಬಂದು ಅದೇ ಬಿಟ್ಟುಕೊಳ್ಳುತ್ತದೆ. ನಟ್ಟ ಚರ್ಮ ಮೊದಲೆರಡು ದಿನ ಗಾಯದ ರಸವನ್ನು ಹೀರಿಕೊಂಡೇ ಜೀವ ಹಿಡಿದಿರುತ್ತದೆ, ಆಮೇಲೆ ಕೆಳಗಿನ ನಾಳಗಳು ಬಂದು ಕೂಡುತ್ತವೆ. ಐದನೆಯ ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಅದು ಎಳೆಗುಲಾಬಿ ಬಣ್ಣದಲ್ಲಿತ್ತು. ಸಿಸ್ಟರ್ ‘ಹಿಡದೈತ್ರೀ ಅಕ್ಕಾರ’ ಎಂದರು. ಅವ್ವ ಗೋಡೆಗೆ ತಿರುಗಿ ನಿಂತು ಅತ್ತಳು.

ಊರಿಗೆ ಬಂದ ಮೇಲೆ ಬಂದವರೆಲ್ಲ ಅದೇ ಮಾತು. ಪಾರಾದ ಬಿಡ್ರಿ, ಮುಗೀತಲ್ಲ. ಆದರೆ ಮುಗಿದಿರಲಿಲ್ಲ. ನಟ್ಟ ಚರ್ಮ ತಿಂಗಳುಗಟ್ಟಲೆ ಕುಗ್ಗಲು ನೋಡುತ್ತದೆ. ನೀರಿಗೆ ಹಾಕದೆ ನೇಯ್ದ ಹತ್ತಿ ಮೊದಲ ಒಗೆತಕ್ಕೆ ಕುಗ್ಗುವಂತೆ ಎಂದು ಅಪ್ಪನೇ ಹೇಳಿದ. ಆರು ತಿಂಗಳು ಗಟ್ಟಿ ಕಾಲರ್ ಹಾಕಬೇಕು. ಇಳಕಲ್ಲಿನ ಬಿಸಿಲಲ್ಲಿ, ಬೆವರು ಬಾರದ ಆ ಚರ್ಮದ ಮೇಲೆ, ಬೆವರು ಸುರಿಯುವ ಉಳಿದ ಮೈಯ ಜೊತೆ. ದಿಂಬು ತಲೆಗೆ ಇಡುವಂತಿಲ್ಲ, ಹೆಗಲಿನ ಕೆಳಗೆ ಸುರುಳಿ ಸುತ್ತಿದ ಕೌದಿ ಇಟ್ಟು ತಲೆ ಹಿಂದಕ್ಕೆ ಬಿಡಬೇಕು. ಎಣ್ಣೆ ಹಚ್ಚಿ ತಿಕ್ಕಬೇಕು. ದಿನಕ್ಕೆ ನಾಲ್ಕು ಸಲ ತಲೆ ಎತ್ತಬೇಕು, ತಿರುಗಿಸಬೇಕು. ಫಿಜಿಯೋಥೆರಪಿಯ ಮೇಡಂ ‘ಮ್ಯಾಲ ನೋಡ್ರಿ ಕಾಕಾ, ಇನ್ನಷ್ಟ ಮ್ಯಾಲ’ ಅಂದಾಗಲೆಲ್ಲ ಅಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು. ನಲವತ್ತು ವರ್ಷ ತಲೆ ತಗ್ಗಿಸಿ ಮಗ್ಗ ನೋಡಿದ ಕುತ್ತಿಗೆ ಅದು. ಮೇಲೆ ನೋಡುವ ರೂಢಿಯೇ ಅದಕ್ಕಿರಲಿಲ್ಲ. ಅವ್ವ ತೊಲೆಗೆ ಒಂದು ಕೆಂಪು ಕೊಂಡಿಯ ದಾರ ಇಳಿಬಿಟ್ಟಳು. ಅದನ್ನು ನೋಡು ಎನ್ನುತ್ತಿದ್ದಳು. ವಾರಕ್ಕೊಮ್ಮೆ ದಾರವನ್ನು ಒಂದು ತೊಲೆ ಹಿಂದಕ್ಕೆ ಸರಿಸುತ್ತಿದ್ದಳು.

ಇದೆಲ್ಲದರಿಂದ ಏನು ಸಿಕ್ಕಿತು ಎಂದು ದೊಡ್ಡಪ್ಪ ಈಗಲೂ ಕೇಳಬಹುದು. ಅಪ್ಪ ನೀರು ಕುಡಿಯುತ್ತಾನೆ, ಲೋಟ ಎತ್ತಿ, ತಲೆ ಹಿಂದಕ್ಕೆ ಬಿಟ್ಟು. ಹಿಂದಿನಿಂದ ಕರೆದರೆ ಮೈಯೆಲ್ಲ ತಿರುಗಿಸದೆ ಕುತ್ತಿಗೆ ತಿರುಗಿಸಿ ನೋಡುತ್ತಾನೆ. ರೊಟ್ಟಿ ಅಗಿದು ನುಂಗುತ್ತಾನೆ. ರಸ್ತೆ ದಾಟುತ್ತಾನೆ. ಶಿವದಾರ ಕೊರಳಿಗೆ ಬಂದಿದೆ. ನಾನು ಮಾತಾಡಿದರೆ ನನ್ನ ಮುಖ ನೋಡುತ್ತಾನೆ. ಎಡಗೈಯ ಬಲ ಮೊದಲಿನಂತಿಲ್ಲ, ಎದೆಯ ಸ್ನಾಯು ಕೊರಳಿಗೆ ಬಂದ ಮೇಲೆ ಮಗ್ಗದಲ್ಲಿ ಎಳೆ ಬಡಿದು ಕೂಡಿಸುವಾಗ ಬೇಗ ಸೋಲುತ್ತಾನೆ. ಮುಂಚೆ ನೇಯುತ್ತಿದ್ದಷ್ಟು ಈಗ ನೇಯುವುದಿಲ್ಲ. ಎಡ ಎದೆ ತಗ್ಗಾಗಿದೆ. ಇವುಗಳನ್ನು ಮುಚ್ಚಿಟ್ಟು ಬರೆಯಲಾರೆ. ಸಂತೆಯಲ್ಲಿ ಮಕ್ಕಳು ದಿಟ್ಟಿಸಿ ನೋಡಿದ ಒಂದು ದಿನದಿಂದ ವಲ್ಲಿ ಸುತ್ತಿಕೊಳ್ಳುವುದು ಶುರುವಾಯಿತು. ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಯಾರೂ ಅದರ ಮಾತು ಎತ್ತುತ್ತಿರಲಿಲ್ಲ.

ಈ ಸಲ ಪಂಚಮಿಗೆ ಹೋದಾಗ, ನಾನು ಒಳಗೆ ಅವ್ವನ ಜೊತೆ ಉಂಡಿ ಕಟ್ಟುತ್ತಿದ್ದೆ. ಹಿಂದಿನ ಓಣಿಯ ಹುಡುಗನೊಬ್ಬ, ಮೂವತ್ತರೊಳಗಿನವನು, ಅಪ್ಪನ ಹತ್ತಿರ ನೂಲಿನ ಲೆಕ್ಕಕ್ಕೆ ಬಂದಿದ್ದ. ಒಂದು ಕೈಯಿಂದ ಕೆನ್ನೆ ಹಿಡಿದುಕೊಂಡು ಮಾತಾಡುತ್ತಿದ್ದ. ‘ಏನಾಗೈತೋ?’ ಅಂದ ಅಪ್ಪ. ‘ಏನಿಲ್ಲ ಕಾಕಾ, ಹಲ್ಲು. ಗುಳಿಗಿ ತಗೊಂಡೀನಿ.’ ‘ಎಷ್ಟ ದಿನ ಆತು?’ ‘ಮೂರ ದಿನಾ.’ ಮಗ್ಗದ ಸದ್ದು ನಿಂತಿತು. ನಾನು ಬಾಗಿಲಿಗೆ ಬಂದೆ. ಅಪ್ಪ ಕುಣಿಯಿಂದ ಮೇಲೆದ್ದು ಬಂದು ಆ ಹುಡುಗನ ಎದುರು ನಿಂತಿದ್ದ. ವಲ್ಲಿಯ ಒಂದು ಸುತ್ತು ಬಿಚ್ಚಿದ, ಎರಡನೆಯದನ್ನೂ ಬಿಚ್ಚಿದ. ಗದ್ದ ಎತ್ತಿ ಬೆಳಕಿಗೆ ಹಿಡಿದ. ಹುಡುಗನ ಕೈ ತೆಗೆದುಕೊಂಡು ಆ ಉಬ್ಬಿನ ಮೇಲೆ ಇಟ್ಟ. ‘ಮುಟ್ಟಿ ನೋಡು’ ಅಂದ. ಆಮೇಲೆ ನನ್ನ ಕಡೆ ತಿರುಗಿ, ‘ಯವ್ವಾ, ಗಾಡಿ ಚಾವಿ ತಾ’ ಅಂದ. ಇಬ್ಬರೂ ಹಲ್ಲಿನ ಡಾಕ್ಟರ ಹತ್ತಿರ ಹೊರಟರು. ವಲ್ಲಿ ಮಗ್ಗದ ಮೇಲೆಯೇ ಉಳಿದಿತ್ತು.